ಹೊಗೆ ಕಮ್ಮಿ ಇರೋದು

"ಕೆಮ್ಮು ಬರಬಾರದು, ಅಷ್ಟೇ ನನಗೆ ಬೇಕಾಗಿರೋದು," ಎಂದರು ಟೈಲರ್. ವಿಸ್ಕಿ ಅಂಗಡಿಯ ಗಾಜಿನ ಕಪಾಟುಗಳ ತುಂಬ ಬಾಟಲಿ. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. "ಅರವತ್ತು ವರ್ಷ ಒಂದು ತೊಟ್ಟು ಮುಟ್ಟಿದವನಲ್ಲ. ಈಗ ಮಗಳ ಮದುವೆ ಗೊತ್ತಾಗಿದೆ. ಭಾನುವಾರ ಬೀಗರ ಮನೇಲಿ ಊಟ. ಅವರು ಹೊಗೆ ವಾಸನೆ ವಿಸ್ಕಿ ಬಿಟ್ಟು ಬೇರೆ ಮುಟ್ಟಲ್ವಂತೆ. 'ನೀವೇ ಒಂದು ಆರಿಸಿ ತನ್ನಿ, ಇಬ್ರೂ ಕೂತು ಒಂದೊಂದು ಗುಟುಕು ಹಾಕೋಣ' ಅಂದ್ರು. ನಾನೂ ಮಹಾ ಗೊತ್ತಿರೋನ ಹಾಗೆ ಹೂಂ ಅಂದುಬಿಟ್ಟೆ."

ಕೌಂಟರಿನ ಹಿಂದಿದ್ದ ಮೇಷ್ಟ್ರು ನಕ್ಕರು. ಪಾಠ ಹೇಳಿದ ಮೇಷ್ಟ್ರಲ್ಲ. ಗಿರಾಕಿಗಳು ಇಟ್ಟ ಹೆಸರು, ಮೂಗಿನ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರು. ಮುಚ್ಚಳ ತೆಗೆದರೆ ಸಾಕು, ಯಾವ ಪೀಪಾಯಿಯಲ್ಲಿ ಎಷ್ಟು ವರ್ಷ ಮಲಗಿದ್ದ ಮಾಲು ಎಂದು ಹೇಳುತ್ತಿದ್ದ ಮೂಗು. ಹೇಳುತ್ತಿತ್ತು, ಈಗಲ್ಲ. ಹೋದ ವರ್ಷ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಹೆಂಡತಿಯೊಬ್ಬಳಿಗೇ ಗೊತ್ತು. ಅಂಗಡಿಯ ಯಜಮಾನರಿಗೆ ಹೇಳುವುದುಂಟೇ? ಮೂಗು ಸತ್ತ ಮೂಗಿನ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ಐವತ್ತೆಂಟರಲ್ಲಿ ಹೊಸ ಕೆಲಸ ಕೊಡಲು ಯಾರಿಗೆ ತಲೆ ಕೆಟ್ಟಿದೆ? ಹಾಗಾಗಿ ಹನ್ನೊಂದು ತಿಂಗಳಿಂದ ಹಳೆಯ ನೆನಪನ್ನೇ ಹೊಸದೆಂದು ಮಾರುತ್ತ ಬಂದಿದ್ದರು.

"ಜೌಗು ನೆಲದಲ್ಲಿ ಅಗೆದು ತೆಗೆದ ಕಪ್ಪು ಮಣ್ಣು, ಪೀಟ್ ಅಂತಾರೆ, ಅದನ್ನ ಒಣಗಿಸಿ ಉರಿಸ್ತಾರೆ," ಎಂದು ಶುರು ಮಾಡಿದರು. "ಆ ಹೊಗೇಲಿ ಬಾರ್ಲಿ ಮೊಳಕೆ ಒಣಗುತ್ತೆ. ಹೊಗೆ ಜಾಸ್ತಿಯಾದ್ರೆ ಆಸ್ಪತ್ರೆ ವಾರ್ಡಿಗೆ ಕಾಲಿಟ್ಟ ಹಾಗಿರುತ್ತೆ. ಹೊಸಬರಿಗೆ ಅದು ಬೇಡ. ನಿಮಗೆ ಹೊಗೆ ಕಮ್ಮಿ ಇರೋದು ಕೊಡ್ತೀನಿ. ಈಗಷ್ಟೇ ಆರಿದ ಬೆಂಕಿಕಡ್ಡಿ, ಪಕ್ಕದಲ್ಲಿ ಒಂದು ಚಮಚ ಜೇನು. ಅಷ್ಟೇ."

ಟೈಲರ್ ಮಾತು ಕೇಳುತ್ತಿದ್ದರೂ ಕಣ್ಣೆಲ್ಲ ಮೇಷ್ಟ್ರ ತೋಳಿನ ಮೇಲಿತ್ತು. "ಒಂಚೂರು ಕೈ ಕೊಡಿ ಸಾರ್. ಗುಂಡಿ ಉದುರಿದೆ." ತಮ್ಮ ಕಾಲರಿನ ಒಳಗಿಂದ ಪಿನ್ನೊಂದನ್ನು ಎಳೆದು, ಜೋತಾಡುತ್ತಿದ್ದ ತೋಳಿನ ಅಂಚನ್ನು ಕೂಡಿಸಿ ಚುಚ್ಚಿದರು. "ಸದ್ಯಕ್ಕೆ ಇರಲಿ. ಬಿಡುವಾದಾಗ ಅಂಗಡಿಗೆ ಬನ್ನಿ, ಹಾಕಿಕೊಡ್ತೀನಿ."

ಮೇಷ್ಟ್ರ ಕೈ ರುಚಿ ನೋಡಲು ಕೊಡುವ ಸೀಸೆಗಳ ಕಡೆ ಹೋಗಿ ಅಲ್ಲೇ ನಿಂತಿತು. ಕಂದು ಗಾಜಿನ ಸಣ್ಣ ಸೀಸೆಗಳು, ಎಲ್ಲಾ ಒಂದೇ ಥರ. ಬೆಳಿಗ್ಗೆ ತೊಳೆದು, ಒಂದಕ್ಕೆ ಹೊಗೆ ಜೋರಿನದ್ದು, ಒಂದಕ್ಕೆ ಕಮ್ಮಿಯದ್ದು ತುಂಬಿದ್ದರು. ಲೇಬಲ್ ಅಂಟಿಸಬೇಕು ಎನ್ನುವಾಗ ಫೋನ್ ಬಂತು. ವಾಪಸು ಬಂದು ನೋಡಿದರೆ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಮೂಸಿದ್ದರೆ ಮಕ್ಕಳೂ ಹೇಳುತ್ತಿದ್ದರು. ನಾಲಗೆಗೆ ಹಚ್ಚಿ ನೋಡಿದರೆ ಎರಡೂ ಬರೀ ಉರಿ. ಕೊನೆಗೆ ಎಡಗಡೆಯದ್ದೇ ಕಮ್ಮಿಯದ್ದು ಎಂದು ದೇವರ ಮೇಲೆ ಭಾರ ಹಾಕಿ ಅಂಟಿಸಿದ್ದರು.

ಅದನ್ನೇ ಬಗ್ಗಿಸಿದರು.

ಟೈಲರ್ ಗ್ಲಾಸನ್ನು ಬಾಯಿಗಿಟ್ಟವರೇ ಕೆಮ್ಮಲು ಶುರುಮಾಡಿದರು. ಕಣ್ಣಲ್ಲಿ ನೀರು ಬಂತು. ಕರವಸ್ತ್ರ ಹುಡುಕಿ ಬಾಯಿಗೆ ಅದುಮಿಕೊಂಡರು. "ಬ್ಯಾಂಡೇಜ್ ವಾಸನೆ ಸಾರ್," ಎಂದರು ಉಸಿರು ಸಿಕ್ಕ ಮೇಲೆ.

ಮೇಷ್ಟ್ರಿಗೆ ಆಗಲೇ ಗೊತ್ತಾಯಿತು. ತಪ್ಪಾಯಿತು, ಇನ್ನೊಂದು ಕೊಡುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೆಮ್ಮು ಕೇಳಿ ಒಳಗಿನ ಕೋಣೆಯಿಂದ ಯಜಮಾನರು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

"ಇದೇ ಕಮ್ಮಿ ಹೊಗೆಯದ್ದು," ಎಂದರು ಮೇಷ್ಟ್ರು.

"ಇದಕ್ಕಿಂತ ಕಮ್ಮಿ?"

"ಇದಕ್ಕಿಂತ ಕಮ್ಮಿ ಅಂದ್ರೆ ನಲ್ಲಿ ನೀರು." ಎಂಥ ದರಿದ್ರ ಮಾತು ಆಡಿದೆ ಎಂದು ಆಡಿದ ಮೇಲೆ ಅವರಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ತಿದ್ದಲಿಲ್ಲ.

ಟೈಲರ್ ತಲೆಯಾಡಿಸಿದರು. "ಹಾಗಾದ್ರೆ ನನ್ನ ನಾಲಗೇದೇ ತಪ್ಪು. ನನಗೆ ಈ ದೊಡ್ಡವರ ಸಹವಾಸ ಒಗ್ಗಲ್ಲ, ಬಿಡಿ. ಅಮ್ಮ, ಮಗಳು ಹೋಗಿ ಬರಲಿ. ನಂಗೆ ಹುಷಾರಿಲ್ಲ ಅಂತ ಹೇಳಿಸಿದ್ರಾಯ್ತು." ಗ್ಲಾಸನ್ನು ಕೌಂಟರಿನ ನಡುವೆ, ಬೀಳದ ಹಾಗೆ ಇಟ್ಟರು. "ನಿಮಗೆ ಸುಮ್ನೆ ತೊಂದರೆ ಕೊಟ್ಟೆ," ಎಂದು ಹೇಳಿ ಹೊರಟೇ ಹೋದರು.

ಯಜಮಾನರು ಬಂದು ಗ್ಲಾಸನ್ನು ಎತ್ತಿದರು. ಮುಖದ ಹತ್ತಿರ ತರುವ ಮೊದಲೇ ಹುಬ್ಬು ಗಂಟಾಯಿತು.

"ಇದು ಜೋರಿನದ್ದು ಅಲ್ವೇನ್ರೀ?"

ಮೇಷ್ಟ್ರು ಎಡಗಡೆಯ ಸೀಸೆಯ ಲೇಬಲ್ಲನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ನಿಮ್ಮ ಮೂಗು ಹೋಗಿರೋದು ನಂಗೆ ಹೋದ ವರ್ಷಾನೇ ಗೊತ್ತಾಯ್ತು. ಗೋಡೌನಲ್ಲಿ ಬಾಟಲಿ ಒಡೆದು ಅಂಗಡಿ ಎಲ್ಲಾ ಘಾಟು, ನೀವು ಅದರ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ." ಗ್ಲಾಸನ್ನು ಕೆಳಗಿಟ್ಟರು. "ಜನ ಬರೋದು ನಿಮ್ಮ ಮಾತಿಗೆ. ಮೂಸೋಕೆ ನನ್ನನ್ನ ಕರೆದಿದ್ರೆ ಆಗ್ತಿರಲಿಲ್ವಾ? ಒಂದು ನಿಮಿಷದ ಕೆಲಸ." ಗದರಲೂ ಇಲ್ಲ, ಹೆಚ್ಚು ಮಾತಾಡಲೂ ಇಲ್ಲ. ಒಳಗೆ ಹೋಗಿ ಕೂತರು.

ಹನ್ನೊಂದು ತಿಂಗಳು. ಕದ್ದವನ ಹಾಗೆ ಎದೆ ಹಿಡಿದುಕೊಂಡು ಬದುಕಿದ್ದು ಯಾವ ಸುಖಕ್ಕೆ?

ಬಲಗಡೆಯ ಸೀಸೆಯನ್ನು ಹಿಡಿದು ಮೇಷ್ಟ್ರು ಬಾಗಿಲಿಗೆ ಓಡಿದರು. ಎದುರಿನ ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅಂಗಡಿಗೆ ಬನ್ನಿ ಎಂದಿದ್ದರು ಟೈಲರ್; ಯಾವ ರಸ್ತೆ, ಯಾವ ಅಂಗಡಿ ಎಂದು ಇವರು ಬಾಯಿಮಾತಿಗೂ ಕೇಳಿರಲಿಲ್ಲ. ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಬರುವ ಹೋಗುವವರ ಮುಖ ನೋಡಿದರು.

ಒಳಗೆ ಬಂದು ಎರಡೂ ಸೀಸೆಯ ಲೇಬಲ್ ಕಿತ್ತು, ಅದಲುಬದಲು ಮಾಡಿ ಅಂಟಿಸಿದರು. ಅಂಚನ್ನು ಹೆಬ್ಬೆರಳಿನಿಂದ ತಿಕ್ಕುವಾಗ ತೋಳಿನ ಪಿನ್ನು ಮಣಿಕಟ್ಟಿಗೆ ಚುಚ್ಚಿತು. ಅದನ್ನು ಹಾಗೇ ಬಿಟ್ಟು ಇನ್ನೊಂದು ಅಂಚು ತಿಕ್ಕಿದರು.