ದೀಪ ಹಿಡಿದವಳ ಮುಖ

ಗೋಡೆ ಮುಟ್ಟಬೇಡಿ. ದಿನಾ ನನ್ನ ಬಾಯಿಂದ ಬರುವ ಮೊದಲ ಮಾತೇ ಇದು. ಕೊಡೆ ಎತ್ತಿ ಹಿಡಿದು, ಹಳೇ ಪೇಟೆಯ ಕಲ್ಲುಹಾಸಿನ ಬೀದಿಗಳಲ್ಲಿ ಪ್ರವಾಸಿಗರ ಹಿಂಡನ್ನು ಎಳೆದುಕೊಂಡು ತಿರುಗುವುದು ನನ್ನ ಕೆಲಸ. ಬೆಟ್ಟದ ಮೇಲಿನ ಚರ್ಚು, ಬಾವಿ ಇರುವ ಸನ್ಯಾಸಿಗಳ ಮಠ, ಮಿನಾರು ಬಿದ್ದುಹೋದ ಮಸೀದಿ, ಕೊನೆಗೆ ನದಿ ದಂಡೆಯ ಚರ್ಚು. ಗಂಟಲು ಹರಿದುಕೊಂಡು ಚರಿತ್ರೆ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಅವರು ಕೇಳುವುದು ಒಂದೇ ಪ್ರಶ್ನೆ: ಶೌಚಾಲಯ ಎಲ್ಲಿ? ಸಾಯಲಿ, ಅದನ್ನೂ ತೋರಿಸುತ್ತೇನೆ.

ನದಿ ದಂಡೆಯ ಚರ್ಚಿನಲ್ಲಿ ಎಡಗಡೆ ಗೋಡೆಯ ಎದುರಿನ ಬೆಂಚಿನ ಮೇಲೆ ನನ್ನ ಅಕ್ಕ ಕೂತಿರುತ್ತಾಳೆ. ನಾವು ಬರುವ ಮೊದಲೂ ಇರುತ್ತಾಳೆ, ಹೋದ ಮೇಲೂ ಇರುತ್ತಾಳೆ. ಪ್ರವಾಸಿಗರು ಅವಳನ್ನು ಭಕ್ತೆ ಅಂದುಕೊಳ್ಳುತ್ತಾರೆ. ಅಕ್ಕನಿಗೆ ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಅವಳು ಮಗಳನ್ನು ನೋಡಲು ಬರುತ್ತಾಳೆ.

ಆ ಗೋಡೆಯ ತುಂಬ ಹಳೆಯ ಚಿತ್ರವಿದೆ. ದೀಪ ಹಿಡಿದ ಹೆಂಗಸರು ಒಬ್ಬರ ಹಿಂದೆ ಒಬ್ಬರಂತೆ ಸಮಾಧಿಯ ಕಡೆಗೆ ನಡೆಯುತ್ತಿದ್ದಾರೆ. ಕೊನೆಯವಳಿದ್ದ ಮೂಲೆಗೆ ತೇವ ಹತ್ತಿ ಗಾರೆ ಉದುರಿಹೋಗಿತ್ತು. ಅದನ್ನು ತುಂಬಿಸಲು ಬಂದ ಚಿತ್ರಗಾರನಿಗೆ ಒಂದು ಮುಖ ಬೇಕಾಯಿತು. ಅಕ್ಕನ ಮಗಳು ಪಕ್ಕದ ಮೇಣದಬತ್ತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು, ಚರ್ಚಿಗೆ ಬತ್ತಿಯ ಕಟ್ಟು ತಂದವಳು ಅವನ ಕಣ್ಣಿಗೆ ಬಿದ್ದಳು. ಗೋಡೆಗೆ ಒರಗಿಸಿ ನಿಲ್ಲಿಸಿ, ಇದ್ದಿಲಿನಿಂದ ಅವಳ ಸುತ್ತ ಗೆರೆ ಎಳೆದ. ಅವಳ ಎತ್ತರವೇ ಎತ್ತರ, ಅವಳ ಭುಜವೇ ಭುಜ. ಚಿಕ್ಕಂದಿನಲ್ಲಿ ನನ್ನ ಮಂಚದಿಂದ ಬಿದ್ದು ಎಡ ಹುಬ್ಬಿನ ಮೇಲೆ ಮಾಡಿಕೊಂಡಿದ್ದ ಗಾಯದ ಕಲೆಯನ್ನೂ ಬಿಡಲಿಲ್ಲ ಆ ಪುಣ್ಯಾತ್ಮ.

"ಮೂಗು ಇಷ್ಟುದ್ದ ಮಾಡಿದಾನಲ್ಲೇ, ಇವಳನ್ನ ಯಾರು ಮದುವೆ ಆಗ್ತಾರೆ?" ಎಂದು ಅಕ್ಕ ಆಗ ಮುಖ ಸಿಂಡರಿಸಿದ್ದಳು.

"ಚಿಕ್ಕಮ್ಮಾ, ಇನ್ಮೇಲೆ ನಿನ್ನ ಪ್ರವಾಸಿಗರು ನನ್ನ ನೋಡೋಕೂ ಟಿಕೆಟ್ ತಗೋಬೇಕು" ಎಂದು ಹುಡುಗಿ ನಕ್ಕಿದ್ದಳು. ಅವಳ ನಗು ಬೀದಿಗೆಲ್ಲ ಕೇಳುತ್ತಿತ್ತು.

ಆ ಚಳಿಗಾಲದಲ್ಲೇ ಕಾರ್ಖಾನೆಯಲ್ಲಿ ಕಾಯುತ್ತಿದ್ದ ಮೇಣಕ್ಕೆ ಬೆಂಕಿ ಹತ್ತಿತು. ಅಕ್ಕನ ಮನೆ ಅದರ ಮಹಡಿಯಲ್ಲೇ. ಭಾವ ಮೊದಲೇ ತೀರಿಕೊಂಡಿದ್ದರು. ಅಕ್ಕ ಅಂದು ಜ್ವರದಲ್ಲಿದ್ದ ನನ್ನನ್ನು ನೋಡಿಕೊಳ್ಳಲು ನನ್ನ ಮನೆಗೆ ಬಂದಿದ್ದಳು. ಮಗಳು ಒಬ್ಬಳೇ ಇದ್ದಳು. ಪೆಟ್ಟಿಗೆ ಮುಚ್ಚಿಯೇ ಮಣ್ಣು ಮಾಡಿದೆವು, ತೆರೆದು ನೋಡುವಂಥದ್ದು ಒಳಗೆ ಏನೂ ಇರಲಿಲ್ಲ. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಇರುವ ಕಾಲವಲ್ಲ. ಇದ್ದ ಫೋಟೋಗಳೆಲ್ಲ ಆ ಮನೆಯ ಕಪಾಟಿನಲ್ಲೇ ಇದ್ದವು. ಹುಡುಗಿಯ ಮುಖ ಅಂತ ಭೂಮಿಯ ಮೇಲೆ ಉಳಿದದ್ದು ಆ ಗೋಡೆಯ ಮೂಲೆಯಲ್ಲಿ ಮಾತ್ರ.

ಅಷ್ಟು ವರ್ಷ ಎದುರು ಕೂತರೂ ಅಕ್ಕ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಚಿತ್ರಗಾರ ಆಗಲೇ ಎಚ್ಚರಿಸಿದ್ದ. ಹಳೆಯ ಚಿತ್ರ ಹಸಿ ಗಾರೆಯ ಮೇಲೆ ಬರೆದದ್ದು, ಬಣ್ಣ ಗೋಡೆಯೊಳಗೇ ಇಳಿದಿದೆ. ಇದು ಒಣಗೋಡೆಯ ಮೇಲೆ ಬಳಿದದ್ದು, ಮುಟ್ಟಿದರೆ ಪುಡಿ ಏಳುತ್ತದೆ. ಅಕ್ಕ ಬೆಂಚಿನಿಂದ ಎದ್ದು ಹತ್ತಿರ ಹೋಗುತ್ತಿದ್ದಳು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಹೀಗಿರುವಾಗ ಸರ್ಕಾರದಿಂದ ಒಬ್ಬ ತಜ್ಞ ಬಂದ. ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು ಗೋಡೆಯನ್ನೆಲ್ಲ ನೋಡಿ, ಕೊನೆಯ ಹೆಂಗಸು ಮೂಲ ಚಿತ್ರದವಳಲ್ಲ, ಬೇಸಿಗೆಯಲ್ಲಿ ಅವಳನ್ನು ತೆಗೆದು ಅಲ್ಲಿ ಬರೀ ಗಾರೆ ಬಿಡುತ್ತೇವೆ ಎಂದ. ಅಕ್ಕ ಅವನ ಕಾಲು ಹಿಡಿಯುವುದೊಂದು ಬಾಕಿ.

"ದೊಡ್ಡದಾಗಿ ಫೋಟೋ ತೆಗೆದು ಕೊಡ್ತೀವಮ್ಮ" ಎಂದ ಅವನು. ಕೆಟ್ಟ ಮನುಷ್ಯನೇನಲ್ಲ.

"ಈ ಚಿತ್ರದ ಫೋಟೋ ನನ್ನ ತಂಗಿ ಮೊಬೈಲಲ್ಲೂ ಇದೆ ಸ್ವಾಮಿ, ಹೆಬ್ಬೆರಳಷ್ಟು. ಇಲ್ಲಿ ಬಂದು ನಿಂತ್ರೆ ಅವಳು ನನಗಿಂತ ಒಂದು ಗೇಣು ಎತ್ತರ. ಕತ್ತೆತ್ತಿ ನೋಡ್ತೀನಿ. ಅವಳ ಕಾಲು ಊರಿದ ಜಾಗ ಇದೇ. ಅದನ್ನ ಕಾಗದದಲ್ಲಿ ಕೊಡ್ತೀರಾ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. ನಾನು ಪಾದ್ರಿಗಳ ಮೇಲೆ ಹರಿಹಾಯ್ದೆ.

"ನನ್ನ ಕೈಲಿ ಏನಿದೆಯಮ್ಮ? ಮೇಲಿನವರ ಅಪ್ಪಣೆ" ಎಂದರು ಅವರು.

"ಯಾವ ಮೇಲಿನವರು ಫಾದರ್? ಆಕಾಶದವರಾ, ಆಫೀಸಿನವರಾ?"

ಅವರು ನಕ್ಕು ಒಳಗೆ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಎಲ್ಲ ದೇವರ ಮನೆಗೂ ಸಲ್ಲುತ್ತದೆ.

ಮರುವಾರ ನನ್ನ ಗುಂಪಿನಲ್ಲಿ ಒಬ್ಬ ದಪ್ಪನೆಯ ಹೆಂಗಸಿದ್ದಳು. ಎಲ್ಲರೂ ಚಾವಣಿ ನೋಡುತ್ತಿದ್ದರೆ ಇವಳು ಮೂಲೆಗೆ ಹೋಗಿ, "ಇವಳ್ಯಾರು? ಉಳಿದವರೆಲ್ಲ ಸಮಾಧಿ ನೋಡ್ತಿದಾರೆ, ಇವಳೊಬ್ಬಳು ನಮ್ಮನ್ನೇ ನೋಡ್ತಿದಾಳೆ" ಎಂದಳು. ಅದು ಆಮೇಲೆ ಬರೆದದ್ದು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಿಂದ ಅಕ್ಕನ ದನಿ ಬಂತು.

"ಕೇಳಿದ್ದು ಕೊಡ್ತಾಳೆ ಅವಳು."

ಪ್ರವಾಸಿಗರ ಮುಂದೆ ಅಕ್ಕ ಅದುವರೆಗೆ ತುಟಿ ಬಿಚ್ಚಿದವಳಲ್ಲ. ಆ ಹೆಂಗಸು ಹಿಂದೆ ಮುಂದೆ ನೋಡದೆ ಮಂಡಿಯೂರಿ, ಮಗಳ ಬಸಿರು ನಿಲ್ಲಲಿ ಎಂದು ಗೊಣಗಿ, ಏಳುವಾಗ ಆ ಕೆನ್ನೆಯನ್ನು ಸವರಿಬಿಟ್ಟಳು. ಗೋಡೆ ಮುಟ್ಟಬೇಡಿ ಎಂದು ನಾನು ಕೂಗಬೇಕಿತ್ತು. ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು, ಕೂಗಬೇಡ ಎಂದು ತಲೆಯಾಡಿಸಿದಳು.

ಹೊರಗೆ ಬಂದು ತರಾಟೆಗೆ ತೆಗೆದುಕೊಂಡೆ. "ಚರ್ಚಿನೊಳಗೆ ಕೂತು ಸುಳ್ಳು ಹೇಳ್ತೀಯಲ್ಲೇ ಅಕ್ಕಾ!"

"ಮಠದ ಬಾವೀಲಿ ಮುಳುಗಿದ ಸಂತ ಒಣಗಿದ ಬಟ್ಟೇಲಿ ಎದ್ದು ಬಂದ ಅಂತ ನೀನು ದಿನಾ ಹೇಳ್ತೀಯಲ್ಲ. ನೀನು ನೋಡಿದ್ಯಾ?"

ಅಕ್ಕ ಮೆಲ್ಲಗೆ ಹೇಳಿದಳು: "ಜನ ಕೈ ಮುಗಿಯೋ ಚಿತ್ರಾನ ಯಾರೂ ಅಳಿಸಲ್ಲ ಕಣೇ."

ಆ ದಪ್ಪನೆಯ ಹೆಂಗಸಿನ ಮಗಳ ಬಸಿರು ನಿಂತಿತಂತೆ. ಅವಳು ಮೊಬೈಲಿನಲ್ಲಿ ಊರಿಗೆಲ್ಲ ಸಾರಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮದು. ಮೊದಲು ಇಬ್ಬರು ಮೂವರು, ಆಮೇಲೆ ಸಾಲು, ಆಮೇಲೆ ಬಾಗಿಲಾಚೆಗೂ ಸಾಲು. ಬೆಟ್ಟದ ಚರ್ಚು ಬೇಡ, ಮಠ ಬೇಡ, ನೇರ ದೀಪದವಳ ಹತ್ತಿರ ಕರಕೊಂಡು ಹೋಗಿ ಎಂದು ನನ್ನ ಪ್ರಾಣ ತಿಂದರು. ಅವಳ ಕಾಲ ಬಳಿ ಮೇಣದಬತ್ತಿ ಹಚ್ಚತೊಡಗಿದರು. ಅಕ್ಕ ಹೋಗಿ ಒಂದೊಂದನ್ನೇ ಉಫ್ ಎಂದು ಆರಿಸುತ್ತಿದ್ದಳು.

"ಬೆಂಕಿ ಬೇಡ. ಅವಳಿಗೆ ಬೆಂಕಿ ಬೇಡ" ಎನ್ನುತ್ತಿದ್ದಳು. ತಲೆ ಕೆಟ್ಟವಳು ಎಂದು ಜನ ದೂರ ಸರಿದರು.

ಬೇಸಿಗೆಗೆ ಮೊದಲೇ ಆಫೀಸಿನಿಂದ ಅಪ್ಪಣೆ ಬಂತು: ಜನರ ನಂಬಿಕೆಯ ವಿಷಯ, ಆ ಭಾಗ ಇದ್ದಂತೆಯೇ ಇರಲಿ. ಅಕ್ಕ ನನ್ನನ್ನು ತಬ್ಬಿಕೊಂಡು ಗಟ್ಟಿಯಾಗಿ ನಕ್ಕಳು. ಮಗಳು ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ನಾನೂ ನಕ್ಕೆ. ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಚಿತ್ರದ ಗದ್ದ ಮೊದಲು ಹೋಯಿತು. ನೆರಳು ಬಿದ್ದಿರಬೇಕು ಅಂದುಕೊಂಡೆ. ಆಮೇಲೆ ಕೆನ್ನೆ ಮಾಸಿತು, ತುಟಿಯ ಒಂದು ಕೊನೆ ಇಲ್ಲವಾಯಿತು. ಕೈ ಮುಗಿದು ಹೋಗಲು ಇವರಿಗೇನು ರೋಗ? ಎಲ್ಲರಿಗೂ ಸವರಬೇಕು, ಸವರಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಹಗ್ಗ ಕಟ್ಟಿಸಿದೆ, ಹಗ್ಗದ ಮೇಲಿಂದ ಬಾಗಿದರು. ಗದರಿದೆ, ಬೈದೆ, ಒಬ್ಬನ ಕೈಗೆ ಕೊಡೆಯಿಂದ ಬಾರಿಸಿಯೂಬಿಟ್ಟೆ. ಗಾಜು ಹಾಕಿಸಿ ಎಂದು ಪಾದ್ರಿಗಳ ಬೆನ್ನು ಹತ್ತಿದೆ. ಹಾಕಿಸೋಣಮ್ಮ, ಹಾಕಿಸೋಣ ಎಂದರು.

ಅಕ್ಕ ಬೆಂಚು ಬಿಟ್ಟು ಚಿತ್ರದ ಮುಂದೆಯೇ ಎರಡೂ ಕೈ ಅಡ್ಡ ಚಾಚಿ ನಿಲ್ಲತೊಡಗಿದಳು. "ದೂರದಿಂದ ಕೇಳ್ಕೊಳ್ಳಿ. ದೂರದಿಂದ ಕೇಳಿದ್ರೂ ಕೊಡ್ತಾಳೆ" ಎಂದು ಬೇಡುತ್ತಿದ್ದಳು.

ಒಂದು ಮಧ್ಯಾಹ್ನ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಬಂದ. ಮಗುವಿನ ಕತ್ತು ನಿಲ್ಲುತ್ತಿರಲಿಲ್ಲ. ತಲೆಯಲ್ಲಿ ಕೂದಲಿರಲಿಲ್ಲ. ಡಾಕ್ಟರುಗಳು ಕೈಬಿಟ್ಟ ಮಗು ಎಂದು ನೋಡಿದರೇ ತಿಳಿಯುತ್ತಿತ್ತು.

"ಜರುಗಮ್ಮ" ಎಂದ.

"ಮುಟ್ಟಬೇಡಪ್ಪ. ಬಣ್ಣ ಹೋಗುತ್ತೆ."

"ಬಣ್ಣ ಹೋಗುತ್ತಂತೆ! ನಿನಗೂ ಒಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು."

ಅವನ ಕಪಾಳಕ್ಕೆ ಬಾರಿಸಲು ಮುಂದೆ ಹೋದೆ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಮಗುವಿನ ಮುಖ ನೋಡಿದಳು. ಚಾಚಿದ್ದ ಕೈಗಳನ್ನು ಇಳಿಸಿ ಪಕ್ಕಕ್ಕೆ ಸರಿದಳು. ಅವನು ಮಗುವಿನ ಅಂಗೈಯನ್ನು ಚಿತ್ರದ ಹಣೆಗೆ ಒತ್ತಿ ಹಿಡಿದ, ಬಹಳ ಹೊತ್ತು ಹಿಡಿದ. ತೆಗೆದಾಗ ಆ ಪುಟ್ಟ ಅಂಗೈಗೆ ಕಂದು ಪುಡಿ ಅಂಟಿತ್ತು. ಎಡ ಹುಬ್ಬು, ಅದರ ಮೇಲಿನ ಕಲೆ, ಎರಡೂ ಗೋಡೆಯ ಮೇಲಿರಲಿಲ್ಲ.

ಅಂದಿನಿಂದ ಅಕ್ಕ ಯಾರನ್ನೂ ತಡೆಯಲಿಲ್ಲ. ಬೆಂಚಿನ ಮೇಲೆ ಹೋಗಿ ಕೂತಳು.

ಕೊನೆಗೊಮ್ಮೆ ಗಾಜು ಬಂತು. ಕೆಲಸದವರು ಅದನ್ನು ಗೋಡೆಗೆ ಒರಗಿಸಿಟ್ಟು, ನಾಳೆ ಕೂರಿಸುತ್ತೇವೆ ಎಂದು ಹೋದರು. ನನ್ನ ಗುಂಪು ಹೊರಗೆ ಶೌಚಾಲಯದ ಮುಂದೆ ಸಾಲು ನಿಂತಿತ್ತು. ಚರ್ಚಿನೊಳಗೆ ನಾವಿಬ್ಬರೇ. ಮೂಲೆಯಲ್ಲಿ ನಿಲುವಂಗಿ ಇತ್ತು, ದೀಪ ಇತ್ತು, ದೀಪ ಹಿಡಿದ ಬೆರಳುಗಳಿದ್ದವು. ಮೇಲೆ ಮುಖ ಇರಬೇಕಾದಲ್ಲಿ ಬಿಳೀ ಗಾರೆ.

ಅಕ್ಕ ಎದ್ದು ಹತ್ತಿರ ಹೋದಳು. ಅಭ್ಯಾಸದಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅಭ್ಯಾಸದಂತೆಯೇ ಒಂದು ಗೇಣು ಮೇಲಕ್ಕೆ ಕತ್ತೆತ್ತಿದಳು. ಹಾಗೇ ನಿಂತಿದ್ದು ಕೇಳಿದಳು:

"ಇನ್ನು ನಾನೂ ಮುಟ್ಟಬಹುದಲ್ವೇನೇ?"

"ಮುಟ್ಟು ಅಕ್ಕಾ" ಎಂದೆ.

ಅವಳು ಎರಡೂ ಅಂಗೈ ಎತ್ತಿ, ಕೆನ್ನೆಗಳಿದ್ದ ಜಾಗದಲ್ಲಿ ಮೆಲ್ಲಗೆ ಇಟ್ಟಳು.