ಜುಟ್ಟು ಕದ್ದವರು

ಅನುಮಾನ ನನ್ನ ಹುಟ್ಟುಗುಣ. ಇಪ್ಪತ್ತು ವರ್ಷ ತಕ್ಕಡಿಯ ಹಿಂದೆ ನಿಂತ ಮೇಲೆ ಅದು ಇನ್ನಷ್ಟು ಬಲಿತಿದೆ. ಹಾಗಾಗಿ ನಮ್ಮ ಕೋಳಿ ಅಂಗಡಿಯ ಕಸದ ಡ್ರಮ್ಮಿನಲ್ಲಿ ಹುಂಜದ ಜುಟ್ಟುಗಳಿಲ್ಲ ಎಂಬುದು ಮೂರನೇ ದಿನಕ್ಕೇ ಕಣ್ಣಿಗೆ ಬಿತ್ತು. ಪುಕ್ಕ, ಕರುಳು, ಉಗುರು ಎಲ್ಲ ಇತ್ತು, ಜುಟ್ಟು ಮಾತ್ರ ಮಾಯ.

ಮಾಂಸಕ್ಕೆ ಬಂದ ಔಷಧಿ ಅಂಗಡಿಯವರ ಮುಂದೆ ವಿಷಯ ಎತ್ತಿದೆ. ಅವರು ನಕ್ಕರು.

"ಸುಕ್ಕು ಹೋಗ್ಲಿ ಅಂತ ಮುಖಕ್ಕೆ ಚುಚ್ಚಿಸ್ಕೋತಾರಲ್ಲ, ಹೈಲುರಾನಿಕ್ ಆಮ್ಲ, ಅದನ್ನ ಮೊದಲೆಲ್ಲ ಹುಂಜದ ಜುಟ್ಟಿಂದ್ಲೇ ತೆಗೀತಿದ್ರು. ಬೆಲೆ ಕೇಳಿದ್ರೆ ತಲೆ ತಿರುಗುತ್ತೆ."

ನನಗಷ್ಟೇ ಸಾಕಾಯಿತು. ಅಂಗಡಿಯಲ್ಲಿ ಕತ್ತಿ ಹಿಡಿಯುವವನು ಬಾಮೈದ, ನನ್ನ ಹೆಂಡತಿಯ ತಮ್ಮ. ಹನ್ನೊಂದು ವರ್ಷದಿಂದ ಜೊತೆಗಿದ್ದಾನೆ. ಅಂಗಡಿ ನಡೆಯುವುದೇ ಅವನ ಕೈಯಿಂದ. ಅಂದು ಸಂಜೆ ಅವನು ಹೊರಟಾಗ ಬಾಗಿಲಿಗೆ ಅಡ್ಡ ನಿಂತೆ.

"ಚೀಲ ತೋರ್ಸು."

"ಯಾಕೆ ಭಾವ?"

ಗಿರಾಕಿಗಳ ಎದುರೇ ಕಸಿದುಕೊಂಡು ಮೇಜಿನ ಮೇಲೆ ಸುರಿದೆ. ಒಂದು ಡಬ್ಬಿ ಬಿತ್ತು, ಅದರ ತುಂಬ ಜುಟ್ಟುಗಳು.

"ಯಾರಿಗೆ ಮಾರ್ತಿದ್ದೀಯ, ಕಳ್ಳ?"

ಅವನು ಏಪ್ರನ್ ಕಳಚಿ ಕೊಕ್ಕೆಗೆ ಹಾಕಿ ನಡೆದುಬಿಟ್ಟ. ತಪ್ಪಿಲ್ಲದವನು ಬಾಯಿ ಬಿಡುತ್ತಿರಲಿಲ್ಲವೇ ಎಂದು ಒಳಗೊಳಗೇ ಬೀಗಿದೆ.

ಮನೆಯಲ್ಲಿ ಹೇಳಿದಾಗ ಮಗಳ ಮುಖ ಬಿಳಿಚಿಕೊಂಡಿತು. ಕೋಣೆಯಿಂದ ಒಂದು ಗಾಜಿನ ಬಾಟಲಿ ತಂದಳು. ತಳದಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ ಇತ್ತು.

"ಕಾಲೇಜಿನ ಪ್ರಯೋಗಕ್ಕೆ ನಾನೇ ಕೇಳಿದ್ದೆ. ಯಾರಿಗೂ ಹೇಳ್ಬೇಡ ಅಂತ ಮಾವನ ಹತ್ರ ಮಾತು ತಗೊಂಡಿದ್ದೆ. ಹೇಳಿದ್ರೆ ನೀನು ನನ್ನ ಮೇಲೂ ಅನುಮಾನ ಪಡ್ತೀಯಲ್ಲಪ್ಪ."

ಇದೇನು ಎಂದು ಬಾಟಲಿಯತ್ತ ಬೆರಳು ಮಾಡಿದೆ.

"ಜುಟ್ಟಿಂದ ತೆಗೆದ ಹೈಲುರಾನಿಕ್ ಆಮ್ಲ, ನಮ್ಮ ಮೈಯಲ್ಲೂ ಇದೆ. ಚರ್ಮದ ಜೀವಕೋಶಗಳೇ ಸಕ್ಕರೆಯಂಥ ಕಣಗಳನ್ನ ಪೋಣಿಸಿ ಉದ್ದ ಎಳೆ ಮಾಡ್ತವೆ. ಆ ಎಳೆ ನೀರು ಹಿಡ್ಕೊಳ್ಳುತ್ತೆ, ಅದಕ್ಕೇ ಚರ್ಮ ತುಂಬ್ಕೊಂಡಿರುತ್ತೆ. ಮೈಯಲ್ಲಿರೋದ್ರಲ್ಲಿ ಮೂರನೇ ಒಂದು ಪಾಲು ದಿನಾ ಕರಗಿ ಹೋಗುತ್ತೆ, ದಿನಾ ಹೊಸದು ಹುಟ್ಟುತ್ತೆ. ವಯಸ್ಸಾದ ಹಾಗೆ ಚರ್ಮದಲ್ಲಿ ಕಮ್ಮಿ ಆಗುತ್ತೆ, ಸುಕ್ಕು ಬೀಳುತ್ತೆ."

ಕೂಡಲೇ ಬಾಮೈದನ ಮನೆಗೆ ಹೋದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಕಣೋ" ಎಂದೆ. "ಬಿಡಿ ಭಾವ" ಎಂದ, ಅಷ್ಟೇ. ಬೆಳಿಗ್ಗೆ ಅಂಗಡಿಗೆ ಬಂದು ಕತ್ತಿ ಹಿಡಿದ. ಕರಗಿದ್ದು ಮತ್ತೆ ಹುಟ್ಟುತ್ತದೆ ಎಂದು ನಿಟ್ಟುಸಿರು ಬಿಟ್ಟೆ.

ಸಂಜೆ ಹೊರಡುವಾಗ ಅವನು ತನ್ನ ಚೀಲವನ್ನು ಮೇಜಿನ ಮೇಲಿಟ್ಟು ಅದರ ಬಾಯಿ ಅಗಲಿಸಿದ. ಬೇಡ ಎಂದು ಮುಖ ತಿರುಗಿಸಿದೆ. ಅವನು ನಿಂತೇ ಇದ್ದ. ಈಗ ಎಂಟು ತಿಂಗಳಾಯಿತು. ನಾನು ಚೀಲದೊಳಗೆ ನೋಡುವವರೆಗೂ ಅವನು ಹೊರಡುವುದಿಲ್ಲ.