ಲಿವರ್ ನಡುಗಿದಾಗ

ಹೊಸ ಗಾಡಿ ಶೆಡ್ಡಿಗೆ ಬಂದ ದಿನ ಅಪ್ಪ ಅದರ ಕೀಲಿಯನ್ನು ಅತ್ತಿಗೆಯ ಕೈಗೆ ಕೊಟ್ಟರು. ನಾನು ಎರಡು ಮಾರು ದೂರದಲ್ಲಿ ಕೈಗೆ ಹತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತ ನಿಂತಿದ್ದೆ. ಕೈ ಕೊಳಕಾಗಿತ್ತಲ್ಲ, ಅದಕ್ಕೇ ನನಗೆ ಕೊಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಂಜೆಯ ಹೊತ್ತಿಗೆ ಕೈ ತೊಳೆದು ಒಣಗಿಯೂ ಆಗಿತ್ತು. ಕೀಲಿ ಮಾತ್ರ ಅವಳ ಜೇಬಿನಲ್ಲೇ ಇತ್ತು.

ನಮ್ಮದು ಪ್ರವಾಸದ ಗಾಡಿಗಳ ಶೆಡ್ಡು. ಗಿರಾಕಿಗಳು ನಮ್ಮ ಮೋಟಾರ್ ಸೈಕಲ್ ಹತ್ತಿ ಮೂರು ದಿನ ಬೆಟ್ಟದ ರಸ್ತೆಯಲ್ಲಿ ಗುಂಪಾಗಿ ಸುತ್ತಿ ಬರುತ್ತಾರೆ. ಗುಂಪಿನ ಮುಂದೆ ನಮ್ಮವರೊಬ್ಬರು, ಹಿಂದೆ ಒಬ್ಬರು. ಮುಂದೆ ಅಣ್ಣ, ಹಿಂದೆ ನಾನು. ನಾಲ್ಕು ವರ್ಷದಿಂದ ಹೀಗೇ. ಪಂಕ್ಚರ್ ಆದವರನ್ನೂ ಫೋಟೋ ತೆಗೆಯಲು ನಿಂತವರನ್ನೂ ಕಾಯುತ್ತ ಎಲ್ಲರ ಹೊಗೆ ಕುಡಿದದ್ದು ನಾನು. ಈ ವರ್ಷ ಎರಡನೆಯ ಗುಂಪು ಶುರುವಾಗುತ್ತದೆ, ಅದರ ಮುಂದಾಳು ಹೊಸ ಗಾಡಿ ಓಡಿಸುತ್ತಾರೆ ಎಂದಾಗ, ಯಾರೂ ಹೇಳದಿದ್ದರೂ, ಅದು ನಾನೇ ಎಂದುಕೊಂಡಿದ್ದೆ.

ಅಪ್ಪನಿಗೆ ಸುತ್ತಮುತ್ತ ಬ್ರೇಕ್ ಮೇಷ್ಟ್ರು ಎಂದು ಹೆಸರು. ನನಗೆ ಓಡಿಸಲು ಕಲಿಸಿದ್ದು ಯಾವ ಎಲೆಕ್ಟ್ರಾನಿಕ್ ನೆರವೂ ಇಲ್ಲದ ಹಳೆಯ ಗಾಡಿಯಲ್ಲಿ. "ಬ್ರೇಕ್ ಲಿವರನ್ನ ಬೆಕ್ಕಿನ ಮರಿ ಎತ್ಕೊಂಡ ಹಾಗೆ ಹಿಡಿ," ಎನ್ನುತ್ತಿದ್ದರು. "ಬಿಗಿ ಮಾಡಿದ್ರೆ ಪರಚುತ್ತೆ, ಸಡಿಲ ಬಿಟ್ರೆ ಜಾರುತ್ತೆ." ಚಕ್ರ ತಿರುಗದೆ ಬಿಗಿದುಕೊಂಡು ಜಾರುವ ಮುನ್ನ ಬೆರಳಿಗೆ ಒಂದು ಸಣ್ಣ ನಡುಕದ ಸುಳಿವು ಸಿಗುತ್ತದೆ. ಸಿಕ್ಕ ಕೂಡಲೇ ಕೂದಲೆಳೆಯಷ್ಟು ಬಿಟ್ಟು ಮತ್ತೆ ಹಿಡಿಯಬೇಕು. ಇದನ್ನು ಕಲಿಯಲು ನನಗೆ ಎರಡು ಚಳಿಗಾಲ, ಒಂದು ಮುರಿದ ಮಣಿಕಟ್ಟು ಬೇಕಾಯಿತು. ನಾನು ಕಷ್ಟಪಟ್ಟು ಕಲಿತದ್ದನ್ನೆಲ್ಲ ಹೊಸ ಗಾಡಿ ಕಾರ್ಖಾನೆಯಲ್ಲೇ ಕಲಿತು ಬಂದಿತ್ತು. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಅದರೊಳಗಿನ ಕಂಪ್ಯೂಟರು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹತ್ತಾರು ಸಲ ತಾನೇ ಬಿಟ್ಟು ತಾನೇ ಹಿಡಿಯುತ್ತದೆ. ಮರಳಿನ ಮೇಲೆ ಹಿಂದಿನ ಚಕ್ರ ಹಿಡಿತ ಸಿಗದೆ ಗಿರಗಿರ ತಿರುಗಿದರೆ ಎಂಜಿನ್ನಿನ ಕಸುವನ್ನು ತಾನೇ ತಗ್ಗಿಸುತ್ತದೆ. ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರದಂತೆ ತಾನೇ ಹಿಡಿದುಕೊಂಡಿರುತ್ತದೆ.

"ಮಾವ, ನೋಡಿ ಇಲ್ಲಿ! ಬ್ರೇಕ್ ಬಿಟ್ಟೆ, ಆದ್ರೂ ಹಿಂದಕ್ಕೆ ಹೋಗ್ಲಿಲ್ಲ!" ಎಂದು ಶೆಡ್ಡಿನ ಹಿಂದಿನ ಏರಿನಲ್ಲಿ ಅತ್ತಿಗೆ ಕೂಗಿದಳು.

"ಗಾಡಿನೇ ಹಿಡ್ಕೊಂಡಿದೆ ಕಣಮ್ಮ. ಭೇಷ್!" ಎಂದು ಅಪ್ಪ ಚಪ್ಪಾಳೆ ತಟ್ಟಿದರು.

ಭೇಷ್ ಅನ್ನಬೇಕಾದದ್ದು ಗಾಡಿಗಲ್ಲವೇ? ಅದೇ ಏರಿನಲ್ಲಿ ಹಿಂದಕ್ಕೆ ಜಾರಿ ನಾನು ನೀರಿನ ತೊಟ್ಟಿಗೆ ಗುದ್ದಿದ ದಿನ ಅಪ್ಪ ಮೊದಲು ನೋಡಿದ್ದು ತೊಟ್ಟಿ ಬಿರುಕು ಬಿಟ್ಟಿದೆಯೇ ಎಂದು.

ಅತ್ತಿಗೆ ನಮ್ಮ ಮನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಮದುವೆಗೆ ಮುಂಚೆ ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದವಳು. ಗಾಡಿ ಕಲಿತು ಐದು ತಿಂಗಳು. ಗಿರಾಕಿಗಳು ಬಂದ ಐದು ನಿಮಿಷಕ್ಕೆ ಅವರ ಮಕ್ಕಳ ಹೆಸರು, ಮಂಡಿ ನೋವು, ಎಲ್ಲ ಅವಳಿಗೆ ಗೊತ್ತು. ನಾನು ನಾಲ್ಕು ವರ್ಷ ಅವರ ಹಿಂದೆ ಹೋಗಿದ್ದೇನೆ. ಬಹಳ ಮಂದಿ ನನ್ನನ್ನು ಹುಡುಗ ಎಂದುಕೊಂಡಿದ್ದರು, ಹೆಲ್ಮೆಟ್ ತೆಗೆಯುವವರೆಗೂ.

"ಅದೇನು ಇವತ್ತೂ ಮುಖ ಊದಿಸ್ಕೊಂಡಿದೀಯ?" ಎಂದಳು ಅಮ್ಮ.

"ಹಲ್ಲು ನೋವು."

"ಹಲ್ಲು ನೋವಿಗೆ ಕಣ್ಣು ಯಾಕೆ ಕೆಂಪಗಾಗುತ್ತೆ?"

ಗುರುವಾರ ಎರಡನೆಯ ಗುಂಪು ಹೊರಡುವುದು. ಅದಕ್ಕೆ ಮುಂಚಿನ ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಪರೀಕ್ಷೆ ಮಾಡುತ್ತಾರಂತೆ. ಶೆಡ್ಡಿನ ಹಿಂದಿನ ರಸ್ತೆಗೆ ನೀರು ಚೆಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅಡ್ಡ ಇಡುತ್ತಾರೆ. ಅರವತ್ತರ ವೇಗದಲ್ಲಿ ಬಂದು, ಗೆರೆಯ ಬಳಿ ಬ್ರೇಕ್ ಹಿಡಿದು, ಪೆಟ್ಟಿಗೆಗೆ ತಾಗದೆ ನಿಲ್ಲಬೇಕು. ಸರಿಯಾಗಿ ನಿಂತವಳು ಮುಂದಾಳು, ಇನ್ನೊಬ್ಬಳು ಬಾಲ.

ಶನಿವಾರ ಮಧ್ಯಾಹ್ನ ಅತ್ತಿಗೆ ಅಭ್ಯಾಸ ಮುಗಿಸಿ ನನ್ನ ಹತ್ತಿರ ಬಂದಳು. ನಾನು ಚೈನಿಗೆ ಎಣ್ಣೆ ಬಿಡುತ್ತಿದ್ದೆ.

"ನಾದಿನಿ ಮೇಡಂ, ಒಂದು ಡೌಟು. ಗಟ್ಟಿಯಾಗಿ ಬ್ರೇಕ್ ಹಿಡಿದ್ರೆ ಲಿವರ್ ಟಕಟಕ ಅಂತ ನಡುಗುತ್ತೆ, ಬೆರಳಿಗೆ ಗುದ್ದಿದ ಹಾಗೆ. ಏನಾದ್ರೂ ಕೆಟ್ಟಿದೆಯಾ?"

ಕೆಟ್ಟಿರಲಿಲ್ಲ. ಕಂಪ್ಯೂಟರು ತನ್ನ ಕೆಲಸ ಮಾಡುವಾಗಿನ ನಡುಕ ಅದು. ಗಾಡಿಯ ಕೈಪಿಡಿಯನ್ನು ಮೂರು ಸಲ ಓದಿ, 'ಲಿವರ್ ನಡುಗಿದರೆ ಬಿಡಬೇಡಿ, ಇನ್ನೂ ಗಟ್ಟಿಯಾಗಿ ಹಿಡಿಯಿರಿ' ಎಂದು ಗಿರಾಕಿಗಳಿಗಾಗಿ ದಪ್ಪ ಅಕ್ಷರದಲ್ಲಿ ಗೋಡೆಗೆ ಬರೆದು ಅಂಟಿಸಿದವಳು ನಾನೇ. ಪದವಿ ಮುಗಿಸಿದ ಮೇಲೆ ಶೆಡ್ಡಿನ ಬರವಣಿಗೆಯೆಲ್ಲ ನನ್ನ ಪಾಲಿನದು.

"ನಡುಗಿದ್ರೆ ಸ್ವಲ್ಪ ಬಿಡಬೇಕು ಅತ್ತಿಗೆ," ಎಂದೆ. ಬಾಯಿಗೆ ಅದು ಎಷ್ಟು ಸಲೀಸಾಗಿ ಬಂತೆಂದರೆ, ನಿಜವನ್ನೂ ನಾನು ಅಷ್ಟು ಸಲೀಸಾಗಿ ಹೇಳಿದ್ದಿಲ್ಲ. "ಅಪ್ಪ ನನಗೂ ಹಾಗೇ ಕಲಿಸಿದ್ದು."

"ಹೌದಾ? ಬದುಕಿಸಿದೆ ನೋಡು," ಎಂದು ನನ್ನ ಕೆನ್ನೆ ಹಿಂಡಿ ಹೋದಳು.

ಭಾನುವಾರ ಬೆಳಿಗ್ಗೆ ಮೊದಲು ಅವಳು. ನೆಟ್ಟಗೆ ಬಂದಳು, ಗೆರೆಯ ಬಳಿ ಬ್ರೇಕ್ ಹಿಡಿದಳು, ಗಾಡಿಯ ಮೂತಿ ತಗ್ಗಿತು. ಆಮೇಲೆ ಅದೇ ಮೂತಿ ಮೇಲೆದ್ದಿತು. ಬಿಟ್ಟಿದ್ದಳು. ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಪೆಟ್ಟಿಗೆಗಳು ಎರಡೂ ಕಡೆಗೆ ಹಾರಿ ಬಿದ್ದವು. ನನ್ನ ಎದೆಯೊಳಗೆ ಏನೋ ಹಿತವಾಗಿ ಬೆಚ್ಚಗಾಯಿತು. ಅಡಗಿಸಲು ಹೆಲ್ಮೆಟ್ ಹಾಕಿಕೊಂಡೆ.

ಆಮೇಲೆ ನಾನು, ಇಂಥದೇ ಬ್ರೇಕಿರುವ ಗಿರಾಕಿಗಳ ಇನ್ನೊಂದು ಗಾಡಿಯಲ್ಲಿ. ತಲೆಯಲ್ಲಿ ಎಲ್ಲ ಸ್ಪಷ್ಟವಿತ್ತು: ಹಿಡಿ, ನಡುಗಲಿ, ಬಿಡಬೇಡ. ಗೆರೆ ಬಂತು. ಹಿಡಿದೆ. ಲಿವರ್ ನಡುಗಿತು. ಅಷ್ಟೇ, ನನ್ನ ಬೆರಳುಗಳು ನನ್ನನ್ನು ಒಂದು ಮಾತೂ ಕೇಳದೆ ಕೂದಲೆಳೆಯಷ್ಟು ಬಿಟ್ಟವು. ಮತ್ತೆ ಹಿಡಿದೆ, ಮತ್ತೆ ನಡುಕ, ಮತ್ತೆ ಬಿಟ್ಟವು. ಅತ್ತಿಗೆ ಉಳಿಸಿದ್ದ ಒಂದೇ ಪೆಟ್ಟಿಗೆ ನನ್ನ ಮುಂದಿನ ಚಕ್ರದಡಿ ಅಪ್ಪಚ್ಚಿಯಾಯಿತು.

ಅಪ್ಪ ಸೊಂಟದ ಮೇಲೆ ಕೈ ಇಟ್ಟು ರಸ್ತೆಯನ್ನೇ ನೋಡುತ್ತ ನಿಂತರು.

"ಇಬ್ಬರೂ ಒಂದೇ ತಪ್ಪು. ನಡುಗಿದ ಕೂಡ್ಲೆ ಬಿಟ್ರಿ. ಇವಳದ್ದು ಗೊತ್ತಾಯ್ತು, ಕೈಯಿಂದ ಹಳೇ ಗಾಡಿ ಇನ್ನೂ ಇಳಿದಿಲ್ಲ. ಅದು ನಾನೇ ಕಲಿಸಿದ್ದು." ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ನಿನ್ನ ಕೈಗೆ ಹಳೇ ಗಾಡಿ ಹತ್ತೇ ಇಲ್ವಲ್ಲಮ್ಮ. ನೀನು ಯಾಕೆ ಬಿಟ್ಟೆ?"

ಅತ್ತಿಗೆ ನನ್ನತ್ತ ನೋಡಿದಳು. ಒಂದೇ ಕ್ಷಣ. ಅಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು.

"ಹೆದರಿಬಿಟ್ಟೆ ಮಾವ. ಕೈ ತಪ್ತು," ಎಂದಳು.

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದದ್ದು ಇನ್ನಷ್ಟು ಹೊಟ್ಟೆಯುರಿ. ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಿ ನಿಂತುಬಿಟ್ಟಿದ್ದಳಲ್ಲ!

"ಹೆದರೋರು ಮುಂದೆ ಹೋಗೋದು ಬೇಡ," ಎಂದು ಅಪ್ಪ ಅವಳಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು. "ದಾರಿ ಗೊತ್ತಿರೋಳು ನೀನು. ಈ ಮೂರು ದಿನ ಅಭ್ಯಾಸ ಮಾಡಿ ಕೈ ಸರಿ ಮಾಡ್ಕೋ. ನೀನು ಮುಂದೆ, ಅವಳು ಬಾಲಕ್ಕೆ, ಇನ್ನೊಂದು ಗಾಡೀಲಿ."

ನಾಲ್ಕು ವರ್ಷ ಬಯಸಿದ್ದು ಅಂಗೈಯಲ್ಲಿತ್ತು, ಅವಳ ಜೇಬಿನ ಬಿಸಿ ಇನ್ನೂ ಆರದೆ. ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು, ಮುಂದಾಳು ಹೊರಡುವ ಮುಂಚೆ ಹೇಳುವ ನಾಲ್ಕು ಮಾತನ್ನು ಮೆಲ್ಲಗೆ ಹೇಳಿ ನೋಡಿಕೊಂಡೆ. ಚೆನ್ನಾಗೇ ಬಂತು. ಎರಡನೇ ಸಲ ಹೇಳುವಾಗ ಮಧ್ಯದಲ್ಲಿ ನಿಂತೆ. ಆ ಇನ್ನೊಂದು ಗಾಡಿಯ ಲಿವರೂ ನಡುಗುತ್ತದೆ. ಅತ್ತಿಗೆ ಅದರ ಮೇಲೆ ಬೆಟ್ಟ ಇಳಿಯುತ್ತಾಳೆ, ನಡುಗಿದರೆ ಬಿಡಬೇಕು ಎಂಬ ನನ್ನ ಮಾತನ್ನು ಕೈಯಲ್ಲಿ ಹಿಡಿದುಕೊಂಡು. ಅದು ಸುಳ್ಳು ಎಂದು ಅವಳಿಗೆ ಗೊತ್ತಾಗಿದ್ದರೂ ಅವಳ ಬೆರಳಿಗೆ ಗೊತ್ತಾಗಬೇಕಲ್ಲ? ಗೊತ್ತಿರುವುದಕ್ಕೂ ಬೆರಳಿಗೂ ಎಷ್ಟು ದೂರ ಎಂದು ನಾನು ಈಗಷ್ಟೇ ನೋಡಿ ಬಂದಿದ್ದೆ. ಇಲ್ಲಿ ಅಡ್ಡ ಇದ್ದದ್ದು ರಟ್ಟಿನ ಪೆಟ್ಟಿಗೆ. ಅಲ್ಲಿ ತಿರುವಿನಾಚೆ ಇರುವುದು ಕಣಿವೆ.

ಶೆಡ್ಡಿಗೆ ಬಂದೆ. ಅಪ್ಪನೂ ಅತ್ತಿಗೆಯೂ ಪೆಟ್ಟಿಗೆಗಳನ್ನು ಮಡಿಸುತ್ತಿದ್ದರು.

"ಅಪ್ಪ, ಅವಳು ಹೆದರಿ ಬಿಟ್ಟಿದ್ದಲ್ಲ. ಬಿಡಬೇಕು ಅಂತ ನಾನೇ ಹೇಳಿದ್ದೆ. ಬೇಕು ಅಂತಲೇ."

ಅಪ್ಪ ಮಡಿಸುವುದನ್ನು ನಿಲ್ಲಿಸಲಿಲ್ಲ. ಆ ಪೆಟ್ಟಿಗೆ ಮುಗಿಸಿ ಇನ್ನೊಂದು ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಗೋಡೆ ಮೇಲೆ ನೀನು ಬರೆದಿದ್ದನ್ನ ಓದಿದ್ದೆ ಕಣೆ," ಎಂದಳು ಅತ್ತಿಗೆ. "ಅಲ್ಲಿ ಬಿಡಬೇಡಿ ಅಂತಿತ್ತು. ಅದಕ್ಕೇ ಡೌಟು ಬಂದು ಕೇಳಿದ್ದು. ಬರೆದಿದ್ದು ಗಿರಾಕಿಗಳಿಗೆ, ಹೇಳಿದ್ದು ನನಗೆ ಅಂದ್ಕೊಂಡೆ. ಮನೆಯವರಿಗೆ ಇನ್ನೂ ಒಳ್ಳೇದನ್ನ ಹೇಳ್ತಾರಲ್ಲ."

ಕೀಲಿಯನ್ನು ಬೆಂಚಿನ ಮೇಲಿಟ್ಟೆ.

"ಬಿಡಬೇಡ ಅತ್ತಿಗೆ. ನಡುಗಿದ್ರೆ ಇನ್ನೂ ಗಟ್ಟಿಯಾಗಿ ಹಿಡಿ. ಇದು ನಿಜ."

ಅಪ್ಪ ಮಡಿಸಿದ ಪೆಟ್ಟಿಗೆಗಳನ್ನೇ ಮತ್ತೆ ಬಿಡಿಸಿ ರಸ್ತೆಗೆ ಅಡ್ಡ ಇಟ್ಟರು. ಅತ್ತಿಗೆ ಮೊದಲನೆಯ ಸಲಕ್ಕೇ ಒಂದು ಆಳುದ್ದ ಮುಂಚೆಯೇ ನಿಂತಳು, ಹಿಡಿದದ್ದು ಹಿಡಿದ ಹಾಗೆ. ನನಗೆ ಏಳು ಸಲ ಬೇಕಾಯಿತು. ಏಳನೆಯ ಸಲ ಹಲ್ಲು ಕಚ್ಚಿ, ಆ ಗುದ್ದನ್ನು ಸಹಿಸಿಕೊಂಡು ಹಿಡಿದೇ ಇದ್ದೆ. ಗಾಡಿ ನಿಂತಿತು, ಪೆಟ್ಟಿಗೆಗೆ ಒಂದು ಗೇಣು ಹಿಂದೆ.

"ಇಷ್ಟು ಸುಲಭ ಅಂದ್ರೆ ನನಗೆ ಯಾಕೆ ಅಷ್ಟು ವರ್ಷ ಕಷ್ಟಪಡಿಸಿದೆ ಅಪ್ಪ?" ಎಂದು ಕೇಳಿಯೇಬಿಟ್ಟೆ.

"ಆಗ ಇದು ಇರ್ಲಿಲ್ಲ ಮಗಳೇ," ಎಂದರು. "ಚಳೀಲಿ ಏಳು ಗಂಟೆ ಓಡಿಸಿದ ಮೇಲೆ ನನ್ನ ಬೆರಳೂ ಬೆಕ್ಕಿನ ಮರಿನ ಮರೆಯುತ್ತೆ. ಎರಡು ಸಲ ಬಿದ್ದಿದೀನಿ, ನಿಮ್ಮಮ್ಮನಿಗೆ ಹೇಳಿಲ್ಲ. ಇದು ಸುಸ್ತಾಗಲ್ಲ. ಆದ್ರೆ ಇದನ್ನ ನಂಬೋರ ಕೈಲೇ ಇದು ಕೆಲಸ ಮಾಡೋದು."

ಕೀಲಿ ಬೆಂಚಿನಿಂದ ಅತ್ತಿಗೆಯ ಜೇಬಿಗೆ ಹೋಯಿತು. ಯಾರೂ ಏನೂ ಘೋಷಿಸಲಿಲ್ಲ.

ಗುರುವಾರ ಬೆಟ್ಟ ಇಳಿಯುವಾಗ ರಸ್ತೆ ಒದ್ದೆಯಾಗಿತ್ತು. ಮುಂದೆ ಅವಳು, ನಡುವೆ ಆರು ಜನ ಗಿರಾಕಿಗಳು, ಕೊನೆಗೆ ನಾನು. ನಾನು ಮೇಲಿನ ತಿರುವಿನಲ್ಲಿದ್ದಾಗ ಅವಳು ಕೆಳಗಿನ ತಿರುವಿಗೆ ಇಳಿದಾಗಿತ್ತು. ತಡೆಗೋಡೆಯ ಮೇಲಿಂದ ಅವಳ ಬೆನ್ನು ಕಾಣುತ್ತಿತ್ತು. ಬಂಡೆಯ ಮರೆಯಿಂದ ಕುರಿಗಳು ರಸ್ತೆ ತುಂಬ ಬಂದವು. ಅವಳ ಹಿಂದಿನ ಬ್ರೇಕಿನ ಕೆಂಪು ದೀಪ ಹೊತ್ತಿತು. ನನ್ನ ಬೆರಳುಗಳು ಇಲ್ಲಿ, ನನ್ನದೇ ಲಿವರಿನ ಮೇಲೆ ಬಿಗಿಯಾದವು. ಅವಳು ಲಿವರ್ ಬಿಟ್ಟು ಆ ದೀಪ ಒಮ್ಮೆ ಆರಿದರೆ ಅದು ನಾನು ಆರಿಸಿದ್ದು.

ಆರಲಿಲ್ಲ. ಗಾಡಿ ನೆಟ್ಟಗೆ ನಿಲ್ಲುವವರೆಗೂ ಒಂದೇ ಸಮ ಉರಿಯಿತು. ಒಂದು ಕುರಿ ಅವಳ ಮುಂದಿನ ಚಕ್ರವನ್ನು ಮೂಸಿ ನೋಡಿ ಮುಂದೆ ಹೋಯಿತು.

ಹೆಲ್ಮೆಟ್ಟಿನೊಳಗಿನ ಸ್ಪೀಕರ್ ಗೊರಗೊರ ಎಂದಿತು. "ನಾದಿನಿ ಮೇಡಂ, ನಡುಗ್ತು. ಬಿಡ್ಲಿಲ್ಲ."

ನೂರು ಮಾತು ಬಂದವು. ಗುಂಡಿ ಒತ್ತಿ, "ನೋಡಿದೆ ಅತ್ತಿಗೆ," ಎಂದೆ.

ಎರಡು ಸಲವೂ ಅವಳು ನಂಬಿದ್ದು ನನ್ನ ಮಾತನ್ನೇ. ಮೊದಲನೆಯದು ಸುಳ್ಳೆಂದು ತಿಳಿದ ಮೇಲೂ ಎರಡನೆಯದನ್ನು ಅಷ್ಟೇ ಬೇಗ ನಂಬಿದಳು. ಅವಳ ಜಾಗದಲ್ಲಿದ್ದರೆ ನಾನು ನಂಬುತ್ತಿರಲಿಲ್ಲ. ಬಹುಶಃ ಅದಕ್ಕೇ ನಾನು ಅವಳ ಜಾಗದಲ್ಲಿಲ್ಲ ಎಂದುಕೊಂಡೆ. ಅಂದುಕೊಂಡದ್ದರಿಂದ ಉರಿ ಏನೂ ಕಡಿಮೆಯಾಗಲಿಲ್ಲ. ಕೆಳಗೆ ಅವಳು ಆಗಲೇ ಕುರಿ ಕಾಯುವವನ ಜೊತೆ ಮಾತಿಗೆ ನಿಂತಿದ್ದಳು, ಆರು ಜನ ಗಿರಾಕಿಗಳೂ ನಗುತ್ತಿದ್ದರು.